ದೊಡ್ಡಮ್ಮನ ಜೊತೆ ಒಂದು ಟೆನಿಸ್ ಸೀಸನ್

ಕೆಳಗಿನ ಹಂತದ ಟೆನಿಸ್ ಆಡುವವರಿಗೆ ಗೆಲುವು ಸಿಗದಿದ್ದರೂ ನಗು ತರಿಸುವ ಪ್ರಸಂಗಗಳಿಗೇನೂ ಬರವಿಲ್ಲ. ಟೀವಿಯಲ್ಲಿ ಬರುವ ಟೆನಿಸ್ ಬೇರೆ, ನಮ್ಮದು ಬೇರೆ. ನಮ್ಮ ಪಂದ್ಯಗಳಿಗೆ ಕ್ಯಾಮೆರಾ ಇರುವುದಿಲ್ಲ, ಎಷ್ಟೋ ಸಲ ಪ್ರೇಕ್ಷಕರೂ ಇರುವುದಿಲ್ಲ. ಗ್ಯಾಲರಿಯಲ್ಲಿ ಒಬ್ಬರು ಕೂತಿದ್ದರೆ ಅದು ಎದುರಾಳಿಯ ಅಪ್ಪ. ಇನ್ನೊಬ್ಬರು ಕೂತಿದ್ದರೆ ಬಿಸಿಲಿಗೆ ನೆರಳು ಹುಡುಕಿ ಬಂದವರು.

ಕೆಲವು ವರ್ಷಗಳ ಹಿಂದೆ ನಾನು ಮೊದಲ ಸಲ ಈ ವೃತ್ತಿಪರ ಟೂರ್ನಿಗಳ ಸುತ್ತಿಗೆ ಇಳಿದೆ. ಒಂದು ಸೀಸನ್ ನೋಡೋಣ, ಆಗದಿದ್ದರೆ ಬ್ಯಾಂಕ್ ಪರೀಕ್ಷೆ ಕಟ್ಟು ಅಂತ ಅಪ್ಪ ಹೇಳಿದ್ದರು. ವಾರಕ್ಕೊಂದು ಊರು ಸುತ್ತಬೇಕು. ಕೋಚನ್ನು ಜೊತೆಗೆ ಕರೆದುಕೊಂಡು ಹೋಗುವಷ್ಟು ಅನುಕೂಲ ನಮಗಿರಲಿಲ್ಲ. ಅಪ್ಪನಿಗೆ ರಜೆ ಇಲ್ಲ, ಅಮ್ಮ ಅಜ್ಜಿಯನ್ನು ಬಿಟ್ಟು ಬರುವಂತಿಲ್ಲ. ನಾನೊಬ್ಬಳೇ ಹೋಗುವುದಕ್ಕೆ ಯಾರೂ ಒಪ್ಪಲಿಲ್ಲ. ಬೆಂಗಳೂರಿನ ಶಂಕರಪುರದ ನಮ್ಮ ಮನೆಯ ನಡುಮನೆಯಲ್ಲೇ ಸೀಸನ್ ಮುಗಿಯುವ ಹಾಗಿತ್ತು.

ಆಗ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಕಾಫಿ ಲೋಟ ಕೆಳಗಿಟ್ಟು, "ನಾನು ಹೋಗ್ತೀನಿ ಇವಳ ಜೊತೆ" ಅಂದರು. ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಟೆನಿಸ್ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದೇ: ಮಧ್ಯದಲ್ಲಿ ಒಂದು ಬಲೆ ಕಟ್ಟಿರುತ್ತಾರೆ.

ಯಾರ ಕಡೆ

ಮೊದಲ ಟೂರ್ನಿ ಧಾರವಾಡದಲ್ಲಿ. ನನ್ನ ಎದುರಾಳಿ ಬೆಳಗಾವಿ ಕಡೆಯ ಹುಡುಗಿ, ಒಬ್ಬಳೇ ಬಂದಿದ್ದಳು. ಪಾಪ, ಸರ್ವ್ ಒಂದೂ ಸರಿಯಾಗಿ ಬೀಳುತ್ತಿರಲಿಲ್ಲ. ಒಂದು ಚೆಂಡು ಬಲೆಗೆ, ಇನ್ನೊಂದು ಗೆರೆಯಾಚೆಗೆ. ನಾನು ಏನೂ ಮಾಡದೆ ನಿಂತಿದ್ದರೂ ಪಾಯಿಂಟ್ ಬರುತ್ತಿತ್ತು. ಒಳಗೊಳಗೇ ಖುಷಿಪಡುತ್ತಿದ್ದೆ.

ಅಷ್ಟರಲ್ಲಿ ಗ್ಯಾಲರಿಯಿಂದ ಕ್ಲಾಸಿನ ಕೊನೇ ಬೆಂಚಿಗೂ ಕೇಳಿಸುವಂಥ ದನಿ ಬಂತು. "ಹೋಗ್ಲಿ ಬಿಡಮ್ಮಾ. ಗಾಬರಿ ಬೇಡ. ಉಸಿರು ತಗೊಂಡು ನಿಧಾನವಾಗಿ ಹಾಕು."

ಆ ಹುಡುಗಿ ತಿರುಗಿ ನೋಡಿದಳು, ಉಸಿರು ತಗೊಂಡಳು, ನಿಧಾನವಾಗಿ ಹಾಕಿದಳು. ಬಿತ್ತು. ಆಮೇಲೆ ಎಲ್ಲವೂ ಗೆರೆಯೊಳಗೇ ಬಿದ್ದವು. ನಾನು ಸೋತೆ.

ಆಟೋದಲ್ಲಿ ವಾಪಸ್ ಹೋಗುವಾಗ ದುಃಖ ತಡೆಯದೆ, ದೊಡ್ಡಮ್ಮ ನೀವು ಯಾರ ಕಡೆ ಅಂತ ಕೇಳಿದೆ. ಆ ಮಗುವಿನ ಕಡೆ ಯಾರೂ ಇರಲಿಲ್ಲವಲ್ಲ ಅಂದರು. ನೀವಿದ್ದಿರಲ್ಲ, ಅದಕ್ಕೇ ಅವಳು ಗೆದ್ದಳು ಅಂದೆ.

ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, "ನೋಡಿದ್ಯಾ, ಜೊತೆಗೆ ಒಬ್ರಿದ್ರೆ ಎಷ್ಟು ಅನುಕೂಲ" ಅಂದರು.

ದೇವರಿಗೆ ಸನ್ನೆ

ಆಗಿನ್ನೂ ಪಂದ್ಯದ ನಡುವೆ ಹೊರಗಿನವರು ಆಟಗಾರರಿಗೆ ಏನೂ ಹೇಳಿಕೊಡುವಂತಿರಲಿಲ್ಲ. ಕೈಸನ್ನೆ ಮಾಡಿದರೂ ತಪ್ಪು. ಸೊಲ್ಲಾಪುರದ ಟೂರ್ನಿಯಲ್ಲಿ ಅಂಪೈರ್ ನನ್ನನ್ನು ಹತ್ತಿರ ಕರೆದು, ನಿಮ್ಮ ಕೋಚ್ ಆಗಿನಿಂದ ಸನ್ನೆ ಮಾಡ್ತಿದ್ದಾರೆ, ನಿಲ್ಲಿಸೋಕೆ ಹೇಳಿ ಅಂದರು.

ನನಗೆ ಕೋಚೇ ಇಲ್ಲ. ತಿರುಗಿ ನೋಡಿದರೆ ದೊಡ್ಡಮ್ಮ ಬೇವಿನ ಮರದ ನೆರಳಲ್ಲಿ ಅರೆಗಣ್ಣು ಮುಚ್ಚಿ, ಹೆಬ್ಬೆರಳನ್ನು ಬೆರಳಿನ ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತಾ ಜಪ ಮಾಡುತ್ತಿದ್ದಾರೆ. ಧಾರವಾಡದ ಪ್ರಸಂಗ ಆದಮೇಲೆ ಬಾಯಿ ಮುಚ್ಚಿಕೊಂಡಿರುತ್ತೇನೆ ಅಂತ ಮಾತು ಕೊಟ್ಟಿದ್ದರು, ಕೈಯ ಬಗ್ಗೆ ಮಾತೇ ಆಗಿರಲಿಲ್ಲ.

ಹರಕುಮುರುಕು ಹಿಂದಿಯಲ್ಲಿ ಅಂಪೈರಿಗೆ ವಿವರಿಸಿದೆ: ಅವರು ಕೋಚ್ ಅಲ್ಲ, ದೊಡ್ಡಮ್ಮ, ಸನ್ನೆ ನನಗಲ್ಲ, ದೇವರಿಗೆ. ಅಂಪೈರ್ ಸ್ವಲ್ಪ ಯೋಚಿಸಿ, ದೇವರಿಂದ ಉತ್ತರ ಬಂದರೆ ಮಾತ್ರ ಕೋಚಿಂಗ್ ಅಂತ ಲೆಕ್ಕ ಅಂದರು.

ಪಂದ್ಯ ಗೆದ್ದೆ. ಕೈ ಕುಲುಕುವಾಗ ಎದುರಾಳಿ ಹೇಳಿದಳು: "ನಿಮ್ಮ ಸನ್ನೆ ನನಗೆ ಅರ್ಥ ಆಗಿತ್ತು. ಹೆಬ್ಬೆರಳು ಕಿರುಬೆರಳಿಗೆ ಹೋದ್ರೆ ಬ್ಯಾಕ್‌ಹ್ಯಾಂಡಿಗೆ ಸರ್ವ್. ಅದನ್ನ ನೋಡ್ತಾ ನೋಡ್ತಾ ಚೆಂಡು ನೋಡೋದೇ ಮರೆತುಹೋಯ್ತು."

ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ನಾಳೆ ಎರಡೂ ಕೈಯಲ್ಲಿ ಮಾಡ್ತೀನಿ ಅಂದರು.

ಒಗ್ಗರಣೆ

ಮುಂದಿನ ಊರಿನ ಹೋಟೆಲ್ ಊಟಕ್ಕೆ ನನ್ನ ಹೊಟ್ಟೆ ಕೆಟ್ಟಿತು. ನಾನು ಒದ್ದೆ ಬಟ್ಟೆಯ ಹಾಗೆ ಮಂಚದ ಮೇಲೆ ಬಿದ್ದಿದ್ದೆ. ಸಂಜೆ ದೊಡ್ಡಮ್ಮ ತಮ್ಮ ಸೂಟ್‌ಕೇಸಿನಿಂದ ಸೀರೆಗಳನ್ನು ಒಂದೊಂದಾಗಿ ಎತ್ತಿಟ್ಟು, ತಳದಲ್ಲಿದ್ದ ಕರೆಂಟ್ ಒಲೆ ತೆಗೆದರು. ಅನ್ನ ಆಯಿತು. ಚಿತ್ರಾನ್ನಕ್ಕೆ ಅಂತ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಹಾಕಿದರು. ಮೆಣಸಿನಕಾಯಿಯ ಘಾಟು ಏರಿತು, ಹೋಟೆಲಿನ ಬೆಂಕಿಯ ಗಂಟೆ ಹೊಡೆದುಕೊಳ್ಳತೊಡಗಿತು.

ಎಲ್ಲರೂ ಲಾನಿಗೆ ಓಡಿದರು. ಆ ಟೂರ್ನಿಯ ಮೊದಲ ಶ್ರೇಯಾಂಕದ ಆಟಗಾರ್ತಿ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದಳು. ಎಲ್ಲರಿಗಿಂತ ಕೊನೆಗೆ ದೊಡ್ಡಮ್ಮ ಇಳಿದು ಬಂದರು, ಸೆರಗಿನಲ್ಲಿ ಬೋಗುಣಿ ಹಿಡಿದುಕೊಂಡು.

ಮ್ಯಾನೇಜರ್ ಬಂದು ಹಿಂದಿಯಲ್ಲಿ, ರೂಮಿನಲ್ಲಿ ಏನು ಸುಟ್ಟಿತು ಅಂತ ಕೇಳಿದರು. ನಾನು ಅದನ್ನೇ ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮನ ಮುಖ ಕೆಂಪಾಯಿತು. "ನನ್ನ ಕೈಯಲ್ಲಿ ಇವತ್ತಿನವರೆಗೂ ಏನೂ ಸೀದಿಲ್ಲ ಅಂತ ಹೇಳು. ಅನುಮಾನ ಇದ್ರೆ ತಿಂದು ನೋಡ್ಲಿ."

ಮ್ಯಾನೇಜರ್ ತಿಂದು ನೋಡಿದರು. ಆಮೇಲೆ ಟವೆಲಿನ ಹುಡುಗಿ ತಿಂದಳು. ಕೊನೆಗೆ ನನಗೆ ಉಳಿದದ್ದು ತಳ ಕೆರೆದ ಎರಡು ತುತ್ತು. ಅದರಲ್ಲೇ ಜೀವ ಬಂತು.

ಮರುದಿನ ಸಂಜೆ ರೂಮಿಗೆ ಫೋನ್. ಮ್ಯಾನೇಜರ್. ಇವತ್ತು ಒಗ್ಗರಣೆ ಎಷ್ಟು ಹೊತ್ತಿಗೆ, ಮೊದಲೇ ಹೇಳಿದರೆ ಎಲ್ಲರನ್ನೂ ಲಾನಿಗೆ ಕಳಿಸಿರ್ತೀನಿ ಅಂದರು.

ಸೀಟು ಸಿಗುತ್ತೆ

ನಡುವೆ ಒಂದು ವಾರ ಮನೆಗೆ ಬಂದಿದ್ದೆ. ಎದುರು ಮನೆಯ ನಿವೃತ್ತ ಇಂಜಿನಿಯರ್ ಗೇಟಿನ ಹತ್ತಿರ ನಿಲ್ಲಿಸಿ, ಈಗ ನಿನ್ನ ರ‍್ಯಾಂಕ್ ಎಷ್ಟಮ್ಮ ಅಂತ ಕೇಳಿದರು. ನಾಚಿಕೆಯಿಂದಲೇ, ಸಾವಿರದ ಆಚೆ ಅಂಕಲ್ ಅಂದೆ.

"ಸಾವಿರಾನಾ? ಅದಕ್ಯಾಕೆ ಮುಖ ಸಣ್ಣಗೆ ಮಾಡ್ಕೋತೀಯ? ಒಳ್ಳೇ ಕಾಲೇಜಲ್ಲೇ ಸೀಟು ಸಿಗುತ್ತೆ."

ಇದು ಸಿಇಟಿ ಅಲ್ಲ, ಇಡೀ ಪ್ರಪಂಚದ ಹುಡುಗಿಯರ ಪಟ್ಟಿ, ಲಂಡನ್ನಿನಲ್ಲಿ ನಡೆಯುವಂಥ ದೊಡ್ಡ ಟೂರ್ನಿಗೆ ಈ ರ‍್ಯಾಂಕ್ ಸಾಲದು ಅಂತ ಬಿಡಿಸಿ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ಅಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಇರಲ್ವಾ ಅಂದರು.

ಇಲ್ಲ ಅನ್ನಲು ಬಾಯಿ ತೆಗೆದೆ, ಆಗ ನೆನಪಾಯಿತು. ಇದೆ. ರ‍್ಯಾಂಕ್ ಸಾಲದವರಿಗೆ ಸಂಘಟಕರೇ ಕೊಡುವ ಸೀಟು, ನಾವು ಅದನ್ನು ವೈಲ್ಡ್ ಕಾರ್ಡ್ ಅಂತೀವಿ.

ಚಪ್ಪಾಳೆ

ಸೀಸನ್ನಿನ ಕೊನೇ ಟೂರ್ನಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಅಲ್ಲಿಯವರೆಗೆ ಅರ್ಹತಾ ಸುತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಪಂದ್ಯ ಗೆದ್ದಿದ್ದೆನೇ ಹೊರತು ಮುಖ್ಯ ಸುತ್ತಿನಲ್ಲಿ ಒಂದನ್ನೂ ಗೆದ್ದಿರಲಿಲ್ಲ. ಇಲ್ಲಿ ಮುಖ್ಯ ಸುತ್ತಿನ ಮೊದಲ ಪಂದ್ಯವೂ ಹೋದರೆ ಬ್ಯಾಂಕ್ ಪರೀಕ್ಷೆಯ ಪುಸ್ತಕ ಮೇಜಿನ ಮೇಲೆ ಕಾದಿತ್ತು.

ನಮ್ಮ ಬೀದಿಯ ಹೆಂಗಸರೆಲ್ಲ ನೋಡಲು ಬರ್ತೀವಿ ಅಂದರು. ನನಗೆ ಸಂತೋಷದ ಜೊತೆಗೆ ಭಯ. ಟೆನಿಸ್‌ನಲ್ಲಿ ಗಲಾಟೆ ಮಾಡುವಂತಿಲ್ಲ, ಸ್ವಲ್ಪ ಹೇಳಿಕೊಡಿ ಅಂತ ದೊಡ್ಡಮ್ಮನನ್ನು ಕೇಳಿಕೊಂಡೆ. ಅವರು ಹಿಂದಿನ ದಿನ ನಮ್ಮ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ ಪಾಠ ಮಾಡಿದರು: ಮಾತಿಲ್ಲ, ಏಳುವಂತಿಲ್ಲ, ನಾನು ಹೇಳುವವರೆಗೂ ಚಪ್ಪಾಳೆ ಇಲ್ಲ.

ಮೊದಲ ಸೆಟ್ ಸೋತೆ. ಎರಡನೆಯದು ಕಷ್ಟಪಟ್ಟು ಗೆದ್ದೆ. ಗ್ಯಾಲರಿಯ ಕಡೆ ನೋಡಿದರೆ ರೇಷ್ಮೆ ಸೀರೆಗಳ ಒಂದು ಸಾಲು, ಕೈಗಳೆಲ್ಲ ಮಡಿಲಲ್ಲಿ, ಉಸಿರು ಬಿಟ್ಟ ಸದ್ದೂ ಇಲ್ಲ. ಮೂರನೆಯ ಸೆಟ್ಟಿನ ಕೊನೆಯಲ್ಲಿ ನನ್ನ ಸರ್ವ್. ಎದುರಾಳಿ ಹೊಡೆದ ಚೆಂಡು ಬಲೆಗೆ ಬಿತ್ತು.

ನಾನು ಎರಡೂ ಕೈ ಎತ್ತಿದೆ. ಒಂದು ಚಪ್ಪಾಳೆಯೂ ಇಲ್ಲ. ಸ್ಕೋರ್ ತಪ್ಪಾಗಿ ಎಣಿಸಿದೆ ಅಂದುಕೊಂಡು ಅವಮಾನದಿಂದ ಕೈ ಇಳಿಸಿ, ಗೆರೆಯ ಹತ್ತಿರ ಹೋಗಿ ಮತ್ತೆ ಸರ್ವ್‌ಗೆ ನಿಂತೆ. ಎದುರಾಳಿ ಬಲೆಯ ಬಳಿ ಕೈ ಚಾಚಿ ಕಾಯುತ್ತಿದ್ದಳು. ಅಂಪೈರ್ ಕುರ್ಚಿಯಿಂದ ಬಗ್ಗಿ, ಮ್ಯಾಚ್ ಮುಗಿದಿದೆ ಮೇಡಂ, ಗೆದ್ದಿರೋದು ನೀವೇ ಅಂದರು.

ದೊಡ್ಡಮ್ಮ ಅಲ್ಲಿಂದಲೇ, ಮುಗೀತಾ ಅಂತ ಕೈಯಲ್ಲಿ ಕೇಳಿದರು. ಹೌದು ಅಂತ ತಲೆಯಾಡಿಸಿದೆ. ಅವರು ಎದ್ದು ನಿಂತು, ಸೆರಗಿನ ಚುಂಗಿನಿಂದ ಕಣ್ಣೊರೆಸಿಕೊಂಡು, ಸಾಲಿನ ಕಡೆ ತಿರುಗಿ, "ಈಗ ಹೊಡೀಬಹುದು" ಅಂದರು.

ಹೊಡೆದರು. ನಾನು ಎದುರಾಳಿಯ ಕೈ ಕುಲುಕಿದೆ, ಬ್ಯಾಗು ತುಂಬಿದೆ, ಒಂದಿಷ್ಟು ಅತ್ತೆ, ನೀರು ಕುಡಿದೆ. ಇನ್ನೂ ಹೊಡೆಯುತ್ತಿದ್ದರು. ಮುಂದಿನ ಪಂದ್ಯದ ಹುಡುಗಿಯರು ಬಂದು ಸರ್ವ್‌ಗೆ ನಿಂತರು. ಅಂಪೈರ್ ಕೈ ಎತ್ತಿ, ದಯವಿಟ್ಟು ನಿಶ್ಶಬ್ದ ಅಂದರು.

ದೊಡ್ಡಮ್ಮ ಚಪ್ಪಾಳೆ ನಿಲ್ಲಿಸದೆ ಉತ್ತರ ಕೊಟ್ಟರು: "ಸ್ವಲ್ಪ ತಡ್ಕೊಳ್ಳಿ ಸಾರ್, ಇನ್ನೂ ಎರಡನೇ ಸೆಟ್ಟಿನ ಬಾಕೀನೇ ಮುಗಿದಿಲ್ಲ."