ಮೂರು ಊರಿನ ಆದಿತ್ಯವಾರ

ಕಲೆ ಮನುಷ್ಯನ ದಣಿವನ್ನು ಕಳೆಯುತ್ತದೆ ಎಂದು ವೇದಿಕೆಯ ಮೇಲೆ ನಿಂತು ಹೇಳುವವರನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ನನ್ನ ದಣಿವಿಗೆ ಕಾರಣವೇ ಕಲೆ. ಹಾಗೆಂದು ನಾನು ಹಾಡುವವನಲ್ಲ, ಕುಣಿಯುವವನಲ್ಲ, ಬಣ್ಣ ಕಲಸಿದವನೂ ಅಲ್ಲ. ನಾನು ಬರೀ ಕೂರುವವನು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಮಳೆ ಬಿಟ್ಟ ಮೇಲೆ ಶುರುವಾಗಿ ಮತ್ತೆ ಮಳೆ ಹಿಡಿಯುವ ತನಕ ನಡೆಯುವ ಸಂಗೀತ, ನಾಟಕ, ತಾಳಮದ್ದಳೆ, ಚಿತ್ರ ಪ್ರದರ್ಶನಗಳಿಗೆಲ್ಲ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರಲ್ಲ, ಆ ಕುರ್ಚಿಗಳ ಮೇಲೆ ಯಾರಾದರೂ ಇರಬೇಕು. ಆ ಯಾರಾದರೂ ಎಂದರೆ ಹೆಚ್ಚಿನ ಸಲ ನಾನೇ. ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತನಾದವನಿಗೆ ಮೂರು ತಾಲೂಕಿನಲ್ಲೂ ಶಿಷ್ಯರಿರುತ್ತಾರೆ. ಹಿಂದಿಯಲ್ಲಿ ಹಿಂದೆ ಬಿದ್ದವರೆಲ್ಲ ಈಗ ಕಲಾಸಂಘಗಳ ಕಾರ್ಯದರ್ಶಿಗಳು.

ನಮ್ಮ ಕಡೆ ಕರೆಯುವುದಕ್ಕೂ ಒಂದು ಕ್ರಮ ಇದೆ. ವಾಟ್ಸಾಪಿನಲ್ಲಿ ಬಂದದ್ದು ಕರೆಯೋಲೆ ಅಲ್ಲ, ಅದು ಸುದ್ದಿ. ಮನೆಗೇ ಬಂದು, ಜಗಲಿಯಲ್ಲಿ ಕೂತು, ನೀರು ಬೆಲ್ಲ ಆಗಿ, ಊರಿನ ಕಷ್ಟಸುಖ ಎಲ್ಲ ಮಾತಾಡಿ, ಎದ್ದು ಹೊರಡುವಾಗ ಎರಡೂ ಕೈಯಲ್ಲಿ ಆಮಂತ್ರಣ ಪತ್ರಿಕೆ ಕೊಟ್ಟರೆ ಮುಗಿಯಿತು, ಮತ್ತೆ ತಪ್ಪಿಸಿಕೊಳ್ಳುವಂತಿಲ್ಲ. ಹೋಗದಿದ್ದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಮುಂದಿನ ಸಲ ಪೇಟೆಯಲ್ಲಿ ಸಿಕ್ಕಿದಾಗ ‘ಮಾಷ್ಟ್ರು ಮೊನ್ನೆ ಕಾಣ್ಲೇ ಇಲ್ಲ’ ಎಂದು ಮೆಲ್ಲಗೆ ಹೇಳಿ ನಗುತ್ತಾರೆ. ಅಷ್ಟು ಸಾಕು, ಎರಡು ದಿನ ಊಟ ರುಚಿಸುವುದಿಲ್ಲ.

ಹೀಗಾಗಿ ಮುಖ ತೋರಿಸಿ ಬರುವ ವಿದ್ಯೆಯನ್ನು ನಾನು ಕಲಿತುಕೊಳ್ಳಬೇಕಾಯಿತು. ಸಭಾಂಗಣಕ್ಕೆ ಎದುರಿನ ಬಾಗಿಲಿಂದಲೇ ಹೋಗಬೇಕು. ಕಾರ್ಯದರ್ಶಿಯ ಕಣ್ಣಿಗೆ ಬಿದ್ದು ಕೈಮುಗಿಯಬೇಕು. ಎರಡನೇ ಸಾಲಿನ ತುದಿಯ ಕುರ್ಚಿ ಹಿಡಿಯಬೇಕು. ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಬಾರದ ಫೋನನ್ನು ಕಿವಿಗೆ ಹಚ್ಚಿಕೊಂಡು, ತಲೆ ಬಗ್ಗಿಸಿ, ಮನೆಯಲ್ಲಿ ಏನೋ ತುರ್ತು ಎಂಬ ಮುಖದಲ್ಲಿ ಹೊರಗೆ ಬರಬೇಕು. ಸ್ವಾಗತ, ಪ್ರಸ್ತಾವನೆ, ಶಾಲು, ಹಾರ, ಸ್ಮರಣಿಕೆ, ಅಧ್ಯಕ್ಷ ಭಾಷಣ, ಧನ್ಯವಾದ ಎಲ್ಲ ಕಳೆದ ಮೇಲೆಯೇ ಕಲೆ ಬರುವುದು. ಹಾಗಾಗಿ ನೂರಾರು ಕಾರ್ಯಕ್ರಮಗಳಿಗೆ ಹೋದ ನಾನು ಕಲೆಯನ್ನು ಕಂಡದ್ದು ಬಹಳ ಅಪರೂಪ. ಇದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೆ ಸುಸ್ತು ಅದಕ್ಕಿಂತ ಹೆಚ್ಚು ಇದೆ.

ಈ ವಿದ್ಯೆ ಕೈಕೊಟ್ಟದ್ದು ನನ್ನ ಹೆಂಡತಿಯ ಸಂಗೀತ ಕಚೇರಿಯ ದಿವಸ.

ಸುಗುಣ ಹುಡುಗಿಯಾಗಿದ್ದಾಗ ಸಂಗೀತ ಕಲಿತಿದ್ದಳು. ಮದುವೆಯ ಮೇಲೆ ಅದು ಜೋಗುಳಕ್ಕೆ ಇಳಿದು, ಮಕ್ಕಳು ದೊಡ್ಡವರಾದ ಮೇಲೆ ಅದೂ ನಿಂತಿತ್ತು. ಕೆಲವು ವರ್ಷಗಳ ಹಿಂದೆ ಏನನ್ನಿಸಿತೋ, ಶ್ರುತಿಪೆಟ್ಟಿಗೆ ಒರಸಿ ತೆಗೆದು, ತನಗಿಂತ ಬಹಳ ಚಿಕ್ಕ ವಯಸ್ಸಿನ ಟೀಚರಲ್ಲಿಗೆ ಮತ್ತೆ ಪಾಠಕ್ಕೆ ಹೋಗತೊಡಗಿದಳು. ಬೆಳಿಗ್ಗೆ ಕುಕ್ಕರ್ ಕೂಗುವ ಮೊದಲು ಅವಳ ಅಭ್ಯಾಸ. ನಾನು ಪೇಪರು ಓದುವುದು ಗೋಡೆಯ ಈಚೆ. ಕಲ್ಯಾಣಿ ರಾಗದಲ್ಲಿ ಒಂದು ಜಾಗಕ್ಕೆ ಬಂದಾಗ ಅವಳು ನಿಲ್ಲಿಸಿ, ತನಗೆ ತಾನೇ ಏನೋ ಬೈದುಕೊಂಡು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು. ಆ ಜಾಗ ದಾಟಿದ ಮೇಲೆ ಕಲ್ಯಾಣಿ ಎಲ್ಲಿಗೆ ಹೋಗುತ್ತಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಸುಳ್ಯದ ಒಂದು ಸಣ್ಣ ಸಭಾಂಗಣದಲ್ಲಿ ಅವಳ ಮೊದಲ ಪೂರ್ಣ ಕಚೇರಿ ನಿಗದಿಯಾಯಿತು. ಐದಕ್ಕೆ ಸಭೆ, ಆರಕ್ಕೆ ಸಂಗೀತ ಎಂದು ಪತ್ರಿಕೆಯಲ್ಲಿತ್ತು. ಹಿಂದಿನ ರಾತ್ರಿ ಊಟಕ್ಕೆ ಬಡಿಸುತ್ತಾ ಅವಳು ತಲೆ ಎತ್ತದೆ ಹೇಳಿದಳು:

“ಕಲ್ಯಾಣಿ ಹಾಡುವಾಗ ಎದುರಿಗೆ ಗುರುತಿನ ಒಂದು ಮುಖ ಬೇಕು ನಂಗೆ. ಇಲ್ಲದಿದ್ರೆ ಆ ಜಾಗದಲ್ಲಿ ಬಿದ್ದೇ ಹೋಗ್ತೇನೆ. ನೀವು ನಾಳೆ ಬೇರೆ ಎಲ್ಲಿಗೂ ಹೋಗುದು ಬೇಡ.”

ಎಲ್ಲಿಗೂ ಹೋಗುವುದಿಲ್ಲ ಎಂದೆ. ಹೇಳುವಾಗ ಮನಸ್ಸಿನಿಂದಲೇ ಹೇಳಿದ್ದೆ. ಆದರೆ ಅದೇ ಆದಿತ್ಯವಾರ ಪುತ್ತೂರಿನಲ್ಲಿ ಒಬ್ಬ ಹಳೆಯ ಸಹೋದ್ಯೋಗಿಯ ಚಿತ್ರ ಪ್ರದರ್ಶನವಿತ್ತು, ಕಡಬದಲ್ಲಿ ನನ್ನ ಶಿಷ್ಯ ಲೋಕೇಶನ ತಂಡದ ತುಳು ನಾಟಕವಿತ್ತು. ಎರಡರವರೂ ಜಗಲಿಗೆ ಬಂದು, ಬೆಲ್ಲ ತಿಂದು, ಎರಡು ಕೈಯಲ್ಲಿ ಪತ್ರಿಕೆ ಕೊಟ್ಟಿದ್ದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಐದರ ಸಭೆ ಆರಕ್ಕೆ ಮೊದಲು ಶುರುವಾಗುವುದಿಲ್ಲ. ಏಳೂವರೆಗೆ ಮೊದಲು ಮುಗಿಯುವುದಿಲ್ಲ. ಕಲ್ಯಾಣಿ ಬರುವಾಗ ಎಂಟು. ಅಷ್ಟರೊಳಗೆ ಎರಡು ಕಡೆ ಮುಖ ತೋರಿಸಿ ಸುಳ್ಯ ಸೇರುವುದು ನನ್ನಂಥವನಿಗೆ ದೊಡ್ಡದಲ್ಲ. ಸುಗುಣ ಮಧ್ಯಾಹ್ನವೇ ಮೃದಂಗದವರ ಕಾರಿನಲ್ಲಿ ಹೊರಟಳು. ನಾನು ಬಸ್ಸಿನಲ್ಲಿ ಬರುತ್ತೇನೆ ಎಂದೆ. ಬಸ್ಸು ಕಡಬದ ಮೇಲೆ ಬರುತ್ತದೆ ಎಂದು ಮಾತ್ರ ಹೇಳಲಿಲ್ಲ.

ಚಿತ್ರ ಪ್ರದರ್ಶನ ಸಲೀಸಾಗಿ ಮುಗಿಯಿತು. ಅಲ್ಲಿ ಗಣ್ಯರ ಫೋಟೋಗಳಿದ್ದ ದೊಡ್ಡ ಫ್ಲೆಕ್ಸನ್ನು ಕಟ್ಟಲು ಬೇರೆ ಗೋಡೆ ಸಿಗದೆ ಚಿತ್ರಗಳ ಮೇಲೆಯೇ ಕಟ್ಟಿದ್ದರು. ಚಿತ್ರಕಾರ ಪಾಪ, ಬಂದವರಿಗೆಲ್ಲ ಫ್ಲೆಕ್ಸಿನ ಮೂಲೆ ಎತ್ತಿ ಎತ್ತಿ ಒಳಗಿನ ಚಿತ್ರ ತೋರಿಸುತ್ತಿದ್ದ. ನಾನೂ ಬಗ್ಗಿ ನೋಡಿ ಚಂದ ಉಂಟು ಎಂದೆ. ಕಂಡದ್ದು ಒಂದು ದೋಣಿಯ ಹಿಂಭಾಗ ಮಾತ್ರ.

ಕಡಬದಲ್ಲಿ ಎಡವಟ್ಟಾಯಿತು. ಎದುರಿನ ಬಾಗಿಲಿಂದ ಹೋದೆ, ಲೋಕೇಶನಿಗೆ ಕಂಡೆ, ಕೈಮುಗಿದೆ. ಅವನು ಓಡಿ ಬಂದು ನನ್ನ ಕೈ ಹಿಡಿದವನು ಬಿಡಲೇ ಇಲ್ಲ. ಮುಖ್ಯ ಅತಿಥಿಗಳು ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾರಂತೆ, ವೇದಿಕೆಯಲ್ಲಿ ಒಂದು ಕುರ್ಚಿ ಖಾಲಿ ಉಂಟು, ಸರ್ ನೀವು ದೇವರು ಬಂದ ಹಾಗೆ ಬಂದಿರಿ ಎಂದ. ದೇವರಿಗೂ ಇಂಥ ಹೊತ್ತಿನಲ್ಲಿ ಬೇಡ ಎನ್ನಲು ಬಾಯಿ ಬರುತ್ತದೋ ಇಲ್ಲವೋ. ನನಗಂತೂ ಬರಲಿಲ್ಲ. ಸತ್ಯ ಹೇಳಬೇಕೆಂದರೆ, ಮುಖ್ಯ ಅತಿಥಿ ಎಂಬ ಶಬ್ದ ಕಿವಿಗೆ ಬಿದ್ದಾಗ ಒಳಗೆ ಸ್ವಲ್ಪ ಸಂತೋಷವೂ ಆಯಿತು. ವೇದಿಕೆ ಹತ್ತಿ ಕೂತ ಮೇಲೆಯೇ ನೆನಪಾದದ್ದು, ಎರಡನೇ ಸಾಲಿನ ತುದಿಯಿಂದ ಎದ್ದು ಹೋಗಬಹುದು, ವೇದಿಕೆಯಿಂದ ಫೋನು ಹಿಡಿದುಕೊಂಡು ಇಳಿಯುವಂತಿಲ್ಲ.

ಬೆವರತೊಡಗಿದೆ. ಆಗ ಪಕ್ಕದ ಕುರ್ಚಿಯಲ್ಲಿ ಯಾರಿದ್ದಾರೆಂದು ನೋಡಿದರೆ, ಕಬಕದ ಅಬ್ಬಾಸ್ ಹಾಜಿಯವರು. ಇವರು ತಲೆತಲಾಂತರದ ಬಟ್ಟೆ ವ್ಯಾಪಾರಿಗಳು. ಅವರನ್ನು ಮೂರು ತಾಲೂಕಿನಲ್ಲೂ ಅಧ್ಯಕ್ಷರೆಂದೇ ಕರೆಯುವುದು. ಯಾವುದರ ಅಧ್ಯಕ್ಷರು ಎಂಬುದು ಈಗ ಯಾರಿಗೂ ನೆನಪಿಲ್ಲ, ಅವರಿಗೂ ಇರಲಿಕ್ಕಿಲ್ಲ. ಬಹಳ ಒಳ್ಳೆಯ ಮನುಷ್ಯ, ಯಾರು ಕರೆದರೂ ಇಲ್ಲ ಎನ್ನುವುದಿಲ್ಲ. ಆ ಸಂಜೆ ಸುಳ್ಯದ ಸಭೆಗೂ ಅವರೇ ಅಧ್ಯಕ್ಷರು. ಅವರ ಹೆಸರನ್ನು ನಾನು ಪತ್ರಿಕೆಯಲ್ಲಿ ನೋಡಿದ್ದೆ. ಮೆಲ್ಲಗೆ ಬಗ್ಗಿ ನನ್ನ ಕಷ್ಟ ಹೇಳಿಕೊಂಡೆ.

“ನೀವ್ಯಾಕೆ ಮಂಡೆಬಿಸಿ ಮಾಡುದು ಮಾಷ್ಟ್ರೆ? ನಾನು ಇಲ್ಲಿ ಇದ್ದೇನಲ್ಲ. ನಾನು ಅಲ್ಲಿಗೆ ಮುಟ್ಟದೆ ಎಂತ ಶುರು ಆಗ್ತದೆ? ನನ್ನ ಕಾರಿನಲ್ಲೇ ಹೋಗುವ,” ಎಂದರು ಹಾಜಿಯವರು.

ನನಗೆ ಹೋದ ಜೀವ ಬಂತು. ನೀವೇ ಹೇಳಿ, ಇದರಲ್ಲಿ ತಪ್ಪೇನಿದೆ? ಅಧ್ಯಕ್ಷರಿಲ್ಲದೆ ಸಭೆ ಇಲ್ಲ, ಸಭೆ ಮುಗಿಯದೆ ಸಂಗೀತ ಇಲ್ಲ, ಅಧ್ಯಕ್ಷರು ನನ್ನ ಪಕ್ಕದಲ್ಲಿದ್ದಾರೆ. ಹೊರಟುಹೋಗಬಹುದಾದ ಬಸ್ಸಿನ ಡ್ರೈವರನೇ ನನ್ನ ಜೊತೆ ಕೂತು ಚಹಾ ಕುಡಿಯುತ್ತಿದ್ದರೆ ನಾನು ಯಾಕೆ ಓಡಬೇಕು? ಮೊಣಕಾಲು ಸಡಿಲ ಬಿಟ್ಟು ಕೂತೆ. ನನ್ನ ಸರದಿ ಬಂದಾಗ ನಾಟಕದ ಬಗ್ಗೆ ಮಾತಾಡಲು ಎದ್ದು, ರಂಗಭೂಮಿ, ಸಮಾಜ, ಯುವಜನತೆ, ಮೊಬೈಲು ಎಲ್ಲವನ್ನೂ ಮುಟ್ಟಿದೆ. ಬದಿಯಲ್ಲಿ ಬಣ್ಣ ಹಚ್ಚಿಕೊಂಡ ನಟರು ಪರದೆಯ ಸಂದಿಯಿಂದ ನನ್ನನ್ನೇ ನೋಡುತ್ತಿದ್ದರು. ಅದು ಮೆಚ್ಚುಗೆ ಎಂದು ಆಗ ಅಂದುಕೊಂಡಿದ್ದೆ. ಹಾಜಿಯವರು ನನಗಿಂತಲೂ ಹೆಚ್ಚು ಹೊತ್ತು ಮಾತಾಡಿದರು. ನನಗೊಂದು ಶಾಲು, ಅವರಿಗೊಂದು ಶಾಲು ಆಯಿತು.

ಪಂಜ, ನಿಂತಿಕಲ್ಲು, ಬೆಳ್ಳಾರೆ ಎಂದು ಕಾರು ನಿಧಾನವಾಗಿ ಬಂತು. ದಾರಿಯಲ್ಲಿ ಹಾಜಿಯವರು ಬಿಸಿ ಗೋಳಿಬಜೆ ತಿನ್ನಲು ನಿಲ್ಲಿಸಿದರು. ನಾನೂ ಬೇಡ ಎನ್ನಲಿಲ್ಲ. ಒಂದೆರಡು ಸಲ ಅವರ ಫೋನು ರಿಂಗಾಯಿತು. ಸುಳ್ಯದವರದ್ದು ಎಂದು ನನಗೆ ಹೇಳಿ, ಇದೋ ಬಂದೆವು ಎಂದು ಅವರಿಗೆ ಹೇಳಿ ಇಟ್ಟರು. ಮೂರನೇ ಸಲ ಫೋನು ಬರಲಿಲ್ಲ. ಅದು ಒಳ್ಳೆಯ ಲಕ್ಷಣವೆಂದು ಇಬ್ಬರೂ ತಿಳಿದೆವು.

ಸಭಾಂಗಣದ ಎದುರು ಇಳಿದಾಗ ಒಳಗಿಂದ ಮಾತೂ ಇಲ್ಲ, ಹಾಡೂ ಇಲ್ಲ. ಒಬ್ಬ ಮೈಕಿನ ವಯರು ಸುತ್ತುತ್ತಿದ್ದ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ವೇದಿಕೆಯಲ್ಲಿ ಸುಗುಣ ಶ್ರುತಿಪೆಟ್ಟಿಗೆಯನ್ನು ಚೀಲಕ್ಕೆ ಹಾಕುತ್ತಿದ್ದಳು. ನಾನು ಹೆಗಲ ಮೇಲೆ ಶಾಲು ಹೊದ್ದುಕೊಂಡೇ ನಿಂತಿದ್ದೆ. ಅದನ್ನು ತೆಗೆಯಬೇಕು ಎಂದು ಹೊಳೆಯಿತು, ಕೈ ಏಳಲಿಲ್ಲ.

ನಡೆದದ್ದು ಇಷ್ಟು. ಐದಾಯಿತು, ಐದೂವರೆಯಾಯಿತು, ಅಧ್ಯಕ್ಷರ ಸುದ್ದಿಯಿಲ್ಲ. ಉದ್ಘಾಟಕರು ಬೇರೆ ಎಲ್ಲಿಯೋ ಉದ್ಘಾಟಿಸುತ್ತಿದ್ದರು. ಸಂಘಟಕರು ಇನ್ನೂ ಕಾಯುವ ಎಂದರು. ಆಗ ಸುಗುಣ ವೇದಿಕೆಯ ಬದಿಯಿಂದ ಬಂದು, ಸಭೆ ಬಿಟ್ಟುಬಿಡಿ, ನಾನು ಹಾಡ್ತೇನೆ ಎಂದಳಂತೆ. ಸಂಘಟಕರಿಗೆ ಗಾಬರಿಯಾಗಿ, ಅಧ್ಯಕ್ಷರಿಗೆ ಎಂತ ಹೇಳುದು ಮೇಡಂ ಎಂದರಂತೆ. ಅವಳು ಶ್ರುತಿ ಹಾಕಿಬಿಟ್ಟಳು. ನಮ್ಮ ಮೂರು ತಾಲೂಕಿನ ಚರಿತ್ರೆಯಲ್ಲಿ ಪತ್ರಿಕೆಯಲ್ಲಿದ್ದ ಗಂಟೆಗೆ ಮೊದಲೇ ಶುರುವಾದ ಕಚೇರಿ ಬಹುಶಃ ಅದೊಂದೇ. ಹಾಜಿಯವರಿಗೆ ಒಂದು ಕ್ಷಣ ಮುಖ ಸಣ್ಣದಾಯಿತು. ಆಮೇಲೆ ದೊಡ್ಡ ಮನುಷ್ಯ, ತಮಗೆ ಕಡಬದಲ್ಲಿ ಹೊದಿಸಿದ ಶಾಲನ್ನು ತೆಗೆದು ಮಡಚಿ, ಇದು ನಿಮ್ಮದು ಅಕ್ಕ ಎಂದು ಸುಗುಣನ ಕೈಗೆ ಕೊಟ್ಟು ಹೋದರು. ನನಗೆ ಅದೂ ಹೊಳೆಯಲಿಲ್ಲ ನೋಡಿ.

ಮೃದಂಗದವರ ಕಾರಿನಲ್ಲಿ ಪುತ್ತೂರಿಗೆ ಬರುವಾಗ ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಮೆಲ್ಲಗೆ ಏನೋ ಗುನುಗುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಡೆಯಲಾಗದೆ ನಾನೇ ಕೇಳಿದೆ, ಅಷ್ಟು ಅವಸರ ಯಾಕೆ ಮಾಡಿದೆ, ಸ್ವಲ್ಪ ಕಾಯಬಹುದಿತ್ತಲ್ಲ ಎಂದು.

“ಸಂಪಾಜೆಯಿಂದ ಒಬ್ಬರು ಹೆಂಗಸು ಬಂದಿದ್ರು. ನನ್ನ ಪರಿಚಯವೇ ಇಲ್ಲ. ಪೋಸ್ಟರ್ ನೋಡಿ ಬಂದದ್ದಂತೆ. ಬಸ್ಸಿಗೆ ಹೋಗ್ಲಿಕ್ಕುಂಟು, ಅಷ್ಟರೊಳಗೆ ಒಂದು ಹಾಡಾದ್ರೂ ಸಿಗ್ತದಾ ಅಂತ ಕೇಳಿದ್ರು. ನೀವು ಬರ್ಲಿಲ್ಲ. ಅವರನ್ನೇ ನೋಡಿಕೊಂಡು ಕಲ್ಯಾಣಿ ಹಾಡಿದೆ,” ಎಂದಳು.

ಆ ಜಾಗ ಎಂತ ಆಯಿತು ಎಂದು ಕೇಳಿದೆ. ದಾಟಿತು ಎಂದಳು, ಅಷ್ಟೆ. ಕಾರಿನ ಕತ್ತಲಲ್ಲಿ ನನಗೆ ಬಹಳ ದುಃಖವಾಯಿತು. ವರ್ಷಗಟ್ಟಲೆ ಗೋಡೆಯ ಈಚೆ ಕೂತು ಅವಳು ಬೀಳುವುದನ್ನು ಕೇಳಿದವನು ನಾನು. ದಾಟುವುದನ್ನು ಕೇಳಿದ್ದು ಸಂಪಾಜೆಯ ಹೆಂಗಸು. ಮರುದಿನ ಬೆಳಿಗ್ಗೆ ಪೇಪರು ಮಡಚಿಟ್ಟು ಕಾದು ಕೂತೆ. ಅವಳು ಕಲ್ಯಾಣಿಯನ್ನು ಮುಗಿಸಿ ಬೇರೆ ರಾಗಕ್ಕೆ ಹೋಗಿದ್ದಳು. ಅದರಲ್ಲಿ ಬೀಳಲು ಹೊಸ ಜಾಗಗಳು ಸಿಕ್ಕಿದ್ದವು.

ಮೊನ್ನೆ ಗುತ್ತಿಗಾರಿನಿಂದ ಇಬ್ಬರು ಬಂದಿದ್ದರು, ಕೃಷಿಕರು. ತಮ್ಮತಮ್ಮೊಳಗೆ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡಿಕೊಂಡು, ನನ್ನಲ್ಲಿ ಬಹಳ ಮರ್ಯಾದೆಯ ಕನ್ನಡದಲ್ಲಿ ಮಾತಾಡಿದರು. ಮುಂದಿನ ಆದಿತ್ಯವಾರ ಅಲ್ಲಿ ಸುಗುಣನ ಕಚೇರಿ. ಆನೆಯ ಉಪದ್ರ ಇರುವುದರಿಂದ ಜನ ಬೇಗ ಮನೆ ಸೇರಬೇಕು, ಹಾಗಾಗಿ ಹಗಲಿನಲ್ಲೇ ಇಟ್ಟಿದ್ದೇವೆ ಎಂದರು. ಕರೆಯೋಲೆ ತೆರೆದು ನೋಡಿದರೆ ಅಧ್ಯಕ್ಷತೆ ಎಂಬಲ್ಲಿ ನನ್ನ ಹೆಸರು. ಕಡಬದಲ್ಲಿ ನಿಮ್ಮ ಭಾಷಣ ಕೇಳಿದ್ದೇವೆ ಸರ್ ಎಂದು ಅವರಲ್ಲೊಬ್ಬರು ಹೇಳಿದರು. ಹೊಗಳಿದ್ದೋ, ದೂರಿದ್ದೋ, ಅವರ ಮುಖ ನೋಡಿದರೆ ಗೊತ್ತಾಗಲಿಲ್ಲ. ಅವರು ಹೋದ ಮೇಲೆ ಸುಗುಣ ಅದನ್ನು ತೆಗೆದುಕೊಂಡು ಓದಿದಳು.

“ಒಳ್ಳೆಯದಾಯ್ತು,” ಎಂದಳು. “ಅಧ್ಯಕ್ಷರಿಲ್ಲದೆ ಶುರು ಮಾಡ್ಲಿಕ್ಕೆ ನಂಗೆ ಈಗ ಗೊತ್ತುಂಟು.”

ನಾನು ಈ ಸಲ ಅವಳ ಜೊತೆಯಲ್ಲೇ ಹೊರಡುವುದೆಂದು ನಿಶ್ಚಯಿಸಿದ್ದೇನೆ. ಅದೇ ದಿವಸ ಪುತ್ತೂರಿನಲ್ಲಿರುವ ಒಂದು ತಾಳಮದ್ದಳೆಗೆ, ಬರಲಾಗುವುದಿಲ್ಲ ಎಂದು ಜನ್ಮದಲ್ಲಿ ಮೊದಲ ಸಲ ಫೋನು ಮಾಡಿ ಹೇಳಿದ್ದೇನೆ. ಅವರು ಬೇಜಾರು ಮಾಡಿಕೊಳ್ಳದೆ ಸರಿ ಎಂದದ್ದು ನನಗೆ ಸ್ವಲ್ಪ ಬೇಜಾರಾಯಿತು. ನಿನ್ನೆ ಕೂತು ಒಂದು ಅಧ್ಯಕ್ಷ ಭಾಷಣ ಬರೆದೆ. ಹರಿದು ಹಾಕಿ, ಮತ್ತೆ ಬರೆದು, ಕೊನೆಗೆ ಎರಡೇ ವಾಕ್ಯಕ್ಕೆ ಇಳಿಸಿ, ಬಹಳ ಹೆಮ್ಮೆಯಿಂದ ಅಡುಗೆಮನೆಗೆ ಹೋಗಿ ಸುಗುಣನಿಗೆ ಕೊಟ್ಟೆ. ಅವಳು ಒದ್ದೆ ಕೈ ಸೆರಗಿಗೆ ಒರಸಿಕೊಂಡು, ಓದಿ, ಒಂದು ಸಾಕು ಎಂದಳು. ಯಾವುದನ್ನು ಬಿಡುವುದೆಂದು ಇನ್ನೂ ತೀರ್ಮಾನಿಸಲಾಗಿಲ್ಲ. ಎರಡೂ ಬಹಳ ಚೆನ್ನಾಗಿ ಬಂದಿವೆ.