ಡಾಕ್ಟರ್ ಅಂಕಲ್ ಸೋಲದ ಆಟ

ಅಮೆರಿಕದ ಜರ್ಮನ್‌ಟೌನಿನ ನಮ್ಮ ಬೀದಿಯಲ್ಲಿ ನಗುವುದಕ್ಕೆ ಟಿವಿ ಹಾಕಬೇಕಾಗಿಲ್ಲ. ಶನಿವಾರ ಸಂಜೆ ಮನೆ ಹಿಂದಿನ ಮರದ ಜಗಲಿ, ಅಂದರೆ ಡೆಕ್ ಮೇಲೆ ಕುರ್ಚಿ ಎಳೆದುಕೊಂಡು ಕೂತರೆ ಸಾಕು, ಯಾರಾದರೂ ಏನಾದರೂ ಮಾಡಿಯೇ ತೀರುತ್ತಾರೆ.

೧. ಆಟ ಹೇಳಿಕೊಟ್ಟಾಕೆ

ಕೋವಿಡ್ ಕಾಲದಲ್ಲಿ ಮನೆಯೊಳಗೆ ಸೇರುವಂತಿರಲಿಲ್ಲ. ಪಕ್ಕದ ಮನೆಯ ಪೆರು ದೇಶದಾಕೆ ಚರ್ಮದ ಲೋಟಗಳನ್ನೂ ಒಂದು ಚೀಲ ದಾಳಗಳನ್ನೂ ತಂದು ನಮ್ಮ ಡೆಕ್ ಮೇಲೆ ಸುರಿದಳು. ಆಟದ ಹೆಸರು ದೂದೊ. ಸ್ಪ್ಯಾನಿಷ್‌ನಲ್ಲಿ ಹಾಗಂದರೆ ‘ನನಗೆ ಅನುಮಾನ’ ಎಂದಂತೆ. ಒಬ್ಬೊಬ್ಬರಿಗೂ ಒಂದು ಲೋಟ, ಐದು ದಾಳ. ಕುಲುಕಿ, ಮಗುಚಿಟ್ಟು, ನಿಮ್ಮ ದಾಳವನ್ನು ನೀವು ಮಾತ್ರ ಇಣುಕಿ ನೋಡಬೇಕು. ಆಮೇಲೆ ಎಲ್ಲರ ದಾಳ ಸೇರಿ ಐದು ಚುಕ್ಕಿಯವು ಇಷ್ಟಿವೆ, ಆರು ಚುಕ್ಕಿಯವು ಇಷ್ಟಿವೆ ಎಂದು ಅಂದಾಜು ಹೇಳಬೇಕು. ಒಂದು ಚುಕ್ಕಿ ಬಿದ್ದರೆ ಅದು ಯಾವ ಲೆಕ್ಕಕ್ಕಾದರೂ ಸೇರುತ್ತದೆ. ಮುಂದಿನವರು ಅದಕ್ಕಿಂತ ಏರಿಸಬೇಕು, ಇಲ್ಲವೇ ‘ದೂದೊ’ ಎನ್ನಬೇಕು. ಆಗ ಎಲ್ಲರೂ ಲೋಟ ಎತ್ತಿ ಎಣಿಸುವುದು. ಹೇಳಿದಷ್ಟು ಇಲ್ಲದಿದ್ದರೆ ಹೇಳಿದವರಿಗೆ ಒಂದು ದಾಳ ನಷ್ಟ, ಇದ್ದರೆ ಅನುಮಾನಪಟ್ಟವರಿಗೆ. ಕೊನೆಗೆ ದಾಳ ಉಳಿಸಿಕೊಂಡವರು ಗೆದ್ದಂತೆ.

“ಅಂದ್ರೆ ಸುಳ್ಳು ಹೇಳೋ ಆಟ,” ಎಂದು ನನ್ನ ಗಂಡ ನನ್ನ ಕಿವಿಯಲ್ಲಿ ಅಂದ. ಆಕೆಗೆ ಇಂಗ್ಲಿಷಿನಲ್ಲಿ ಹೇಳಿದೆ.

“ಹೌದು, ಆಫೀಸ್ ಮೀಟಿಂಗ್ ತರಹ. ಇಲ್ಲಿ ಯಾರಾದರೂ ಎಣಿಸಿ ನೋಡ್ತಾರೆ, ಅಷ್ಟೇ ವ್ಯತ್ಯಾಸ,” ಎಂದಳು.

೨. ಹಿರಿಯರ ಮಾತು

ಆಟಕ್ಕೆ ಎದುರು ಮನೆಯ ಡಾಕ್ಟರ್ ಅಂಕಲ್, ಆಂಟಿ ಇಬ್ಬರೂ ಬರುತ್ತಿದ್ದರು. ಅಂಕಲ್ ಮೈಸೂರಿನಲ್ಲಿ ಓದಿ, ನಾವೆಲ್ಲ ಹುಟ್ಟುವ ಮೊದಲೇ ಇಲ್ಲಿಗೆ ಬಂದು, ಹೃದಯದ ಡಾಕ್ಟರಾಗಿ ರಿಟೈರ್ ಆದವರು. ಲೋಟ ಇಣುಕಿ, ರಿಪೋರ್ಟ್ ಓದುವ ಧ್ವನಿಯಲ್ಲಿ “ಐದು ಚುಕ್ಕಿಯವು ಹದಿನಾಲ್ಕಿವೆ” ಎನ್ನುತ್ತಿದ್ದರು.

ಮುಂದಿನ ಸರದಿ ನನ್ನದು. ಅಷ್ಟು ಇರಲಾರದೆಂದು ಗೊತ್ತಿದ್ದರೂ ನನಗೆ ನಾಲಿಗೆ ಏಳುತ್ತಿರಲಿಲ್ಲ. ಅಪ್ಪನ ವಯಸ್ಸಿನವರ ಮುಖ ನೋಡಿಕೊಂಡು ‘ಅನುಮಾನ’ ಎನ್ನುವುದು ಹೇಗೆ? ಸುಮ್ಮನೆ ಹದಿನೈದು ಎನ್ನುತ್ತಿದ್ದೆ. ನನ್ನ ಪಕ್ಕದ ಪೆರುವಿನಾಕೆ ತಕ್ಷಣ ದೂದೊ ಎನ್ನುತ್ತಿದ್ದಳು. ಸುಳ್ಳು ಅಂಕಲ್‌ದು, ದಾಳ ಹೋಗುತ್ತಿದ್ದದ್ದು ನನ್ನದು. ಅಂಕಲ್ ಸೋತದ್ದೇ ಇಲ್ಲ.

“ದೂದೊ ಅನ್ನೋದಕ್ಕೆ ನಿಮ್ಮ ಭಾಷೆಯಲ್ಲಿ ಏನಂತೀರಿ?” ಎಂದು ಆಕೆ ಕೇಳಿದಳು.

“ದೊಡ್ಡವರಿಗಾದ್ರೆ ‘ಹೌದು ಅಂಕಲ್’ ಅಂತೀವಿ,” ಎಂದೆ.

೩. ರಸ್ತೆ ದಾಟದವರು

ಅಂಕಲ್ ಕಣ್ಣಿಗೆ ಪೊರೆ ಬಂದಿದೆ ಎಂದು ಆಂಟಿ ಹೇಳುತ್ತಲೇ ಇದ್ದರು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ ಅಂಕಲ್ ಉತ್ತರ ಒಂದೇ: “ನಾನೇ ಡಾಕ್ಟರು ಕಣೆ. ನನ್ನ ಕಣ್ಣು ನನಗೆ ಗೊತ್ತಿಲ್ವಾ?” ಕಾರಿನ ಕೀಲಿಯನ್ನೂ ಬಿಡುತ್ತಿರಲಿಲ್ಲ.

ಒಂದು ದಿನ ನನ್ನನ್ನೂ ಆಂಟಿಯನ್ನೂ ಹಿಂದೆ ಕೂರಿಸಿಕೊಂಡು ಇಂಡಿಯನ್ ಸ್ಟೋರಿಗೆ ಹೊರಟರು. ಬೀದಿ ತಿರುಗುವ ಮೊದಲೇ ಕಾರು ನಿಲ್ಲಿಸಿ, ದಾಟಿ ದಾಟಿ ಎಂದು ಕೈ ಬೀಸಿದರು. ಯಾರೂ ದಾಟಲಿಲ್ಲ. “ಪಾಪ, ವಯಸ್ಸಾಗಿದೆ, ಹೆದರ್ಕೊಂಡಿದಾರೆ,” ಎಂದು ಇನ್ನಷ್ಟು ವಿನಯದಿಂದ ಬೀಸಿದರು. ಬಗ್ಗಿ ನೋಡಿದೆ. ರಸ್ತೆಯಂಚಿನಲ್ಲಿ ನಿಂತಿದ್ದದ್ದು ಸೊಂಟದೆತ್ತರದ ನೀಲಿ ರೀಸೈಕ್ಲಿಂಗ್ ಕಸದ ಡಬ್ಬ.

ನಗು ತಡೆಯಲಾಗದೆ ಆಂಟಿಯತ್ತ ತಿರುಗಿದೆ. ಅವರು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದರು. ನನಗೂ ಭಯವಾಯಿತು.

“ಇವತ್ತು ಡಬ್ಬಾನ ಮನುಷ್ಯ ಅಂದ್ಕೊಂಡ್ರು. ನಾಳೆ ಮನುಷ್ಯನ್ನ ಡಬ್ಬ ಅಂದ್ಕೊಂಡ್ರೆ?” ಎಂದರು ಆಂಟಿ, ಮೆಲ್ಲಗೆ.

೪. ಕಲ್ಲುಸಕ್ಕರೆ

ಮುಂದಿನ ಶನಿವಾರ ಅಂಕಲ್ ಕೈ ತೊಳೆಯಲು ಎದ್ದರು. ಆಂಟಿ ಅವರ ಲೋಟದಿಂದ ದಾಳಗಳನ್ನು ತೆಗೆದು, ಪರ್ಸಿನಿಂದ ಐದು ಹರಳು ಕಲ್ಲುಸಕ್ಕರೆ ಹಾಕಿದರು. ನಾವು ನಮ್ಮ ನಮ್ಮ ಲೋಟ ನೋಡುತ್ತ ಕೂತೆವು.

ಅಂಕಲ್ ಬಂದರು. ಕುಲುಕಿದರು, ಮಗುಚಿದರು, ಇಣುಕಿ ನೋಡಿ ತಲೆದೂಗಿದರು. “ಆರು ಚುಕ್ಕಿಯವು ಹದಿಮೂರಿವೆ. ನನ್ನ ಹತ್ರಾನೇ ಮೂರಿದೆ.”

ನನ್ನ ಸರದಿಗೆ ಕಾಯದೆ ಆಂಟಿ ಹೇಳಿದರು: “ದೂದೊ.”

ಅಂಕಲ್ ಗಂಭೀರವಾಗಿ ಲೋಟ ಎತ್ತಿ, ಎಣಿಸಲು ಬೆರಳಿಟ್ಟರು. ಬೆರಳು ಅಂಟಿತು. ಒಂದು ಹರಳನ್ನು ಮೂಗಿನ ತನಕ ತಂದು ನೋಡಿದರು. ಅದನ್ನು ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು ನುಂಗಿ, ಆಂಟಿಯನ್ನು ಕೇಳಿದರು:

“ಅಪಾಯಿಂಟ್‌ಮೆಂಟ್ ಯಾವಾಗ?”

೫. ಒಂದು ಕಣ್ಣಿನ ಆಟ

ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯಿತು. ಅಂಕಲ್ ನಮ್ಮ ಡೆಕ್ಕಿಗೆ ಬಂದವರೇ ಹಿತ್ತಲಿನ ಮೇಪಲ್ ಮರ ನೋಡುತ್ತ ನಿಂತುಬಿಟ್ಟರು. “ಎಲೆ ಎಲೆಯಾಗಿ ಕಾಣ್ತಿದೆ ಕಣಮ್ಮ,” ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಾಫಿಗೆ ಎರಡು ಸಲ ಸಕ್ಕರೆ ಹಾಕಿದೆ.

ಆಟದಲ್ಲಿ ಮಾತ್ರ ಅವರ ಗ್ರಹಚಾರ ಕೆಟ್ಟಿತು. ದಾಳ ಕಾಣತೊಡಗಿತ್ತಲ್ಲ, ಒಳ್ಳೆಯದು ಬಿದ್ದರೆ ಹುಬ್ಬು ಹಾರುತ್ತಿತ್ತು, ಕೆಟ್ಟದ್ದು ಬಿದ್ದರೆ ಮುಖ ಜೋಲುತ್ತಿತ್ತು. ನಾನೂ ಧೈರ್ಯ ಮಾಡಿ “ದೂದೊ, ಅಂಕಲ್” ಎಂದೆ. ಅವರ ದಾಳಗಳು ಒಂದೊಂದಾಗಿ ಹೋಗಿ ಕೊನೆಗೆ ಒಂದೇ ಉಳಿಯಿತು.

ಅಂಕಲ್ ಸ್ವಲ್ಪ ಯೋಚಿಸಿದರು. ಆಪರೇಷನ್ ಆದ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಆಗದ ಕಣ್ಣಿನಿಂದ ಲೋಟದೊಳಗೆ ಇಣುಕಿದರು. ಮುಖದಲ್ಲಿ ಏನೂ ಇಲ್ಲ. ಅದೇ ಹಳೆಯ ರಿಪೋರ್ಟ್ ಓದುವ ಧ್ವನಿ. ಅವರು ಹೇಳಿದ ಲೆಕ್ಕಕ್ಕೆ ನಾನು ದೂದೊ ಎಂದೆ; ಎಣಿಸಿದರೆ ಲೆಕ್ಕ ಸರಿಯಿತ್ತು, ಒಂದು ದಾಳ ಕಳೆದುಕೊಂಡೆ.

“ನೋಡಿದ್ಯಾ? ಇದೊಂದು ಕಣ್ಣು ಹೀಗೇ ಇರ್ಲಿ ಬಿಡೆ,” ಎಂದರು ಅಂಕಲ್, ಆಂಟಿಯತ್ತ ತಿರುಗಿ.

ಆಂಟಿ ಲೋಟ ಕುಲುಕುವುದನ್ನು ನಿಲ್ಲಿಸಲಿಲ್ಲ. “ಗುರುವಾರ ಆ ಕಣ್ಣಿಗೂ ಆಪರೇಷನ್. ಕಾರು ನಾನು ಡ್ರೈವ್ ಮಾಡ್ತೀನಿ. ದಾರೀಲಿ ಡಬ್ಬ ಸಿಕ್ಕಿದ್ರೆ ನೀವು ಕೈ ಬೀಸಿ.”