ಮಾವನವರು ಹೋದ ಸುದ್ದಿ

ಕನ್ನಡದಲ್ಲಿ ‘ಹೋಗು’ ಎಂಬಷ್ಟು ಬಡ ಕ್ರಿಯಾಪದ ಇನ್ನೊಂದಿಲ್ಲ ಎಂದು ನಾನು ನಂಬಿದ್ದ ಕಾಲವದು. ಹುನಗುಂದದಲ್ಲಿ ಸಾಲೆಯ ಮಾಸ್ತರನಾಗಿದ್ದುಕೊಂಡು ಒಂದು ವಾರಪತ್ರಿಕೆಗೆ ಊರ ಸುದ್ದಿ ಬರೆಯುತ್ತಿದ್ದೆ. ಪತ್ರಿಕೆಗಳಲ್ಲಿ ಯಾರೂ ಸುಮ್ಮನೆ ಹೋಗುವುದಿಲ್ಲ ಎಂಬುದನ್ನು ಬೇಗ ಕಲಿತೆ. ಮಂತ್ರಿಗಳು ತೆರಳುತ್ತಾರೆ. ಸಿನಿಮಾ ನಟಿಯರು ಹಾರುತ್ತಾರೆ. ಸ್ವಾಮಿಗಳು ಬಿಜಯಂಗೈಯುತ್ತಾರೆ. ಕಳ್ಳರು ಕೂಡ ಪರಾರಿಯಾಗುತ್ತಾರೆ. ಬರೀ ಹೋಗುವುದು ಕರೆಂಟು ಮಾತ್ರ!

ಹೀಗಿರುವಾಗ ಇಳಕಲ್ಲಿನಲ್ಲಿ ಸೀರೆ ನೇಯುವ ನಮ್ಮ ಮಾವ, ಅಂದರೆ ನನ್ನ ಹೆಂಡತಿ ಶಾಂತಾಳ ತಂದೆ ಗುರಪ್ಪನವರಿಗೆ, ದಿಲ್ಲಿಯ ಕೈಮಗ್ಗದ ಪ್ರದರ್ಶನಕ್ಕೆ ಕರೆ ಬಂತು. ಬಾದಾಮಿ ಸ್ಟೇಷನ್ನಿನಲ್ಲಿ ಅವರನ್ನು ರೈಲು ಹತ್ತಿಸಿ ಬಂದೆವು. ತಮ್ಮ ಹೆಸರನ್ನು ಒಮ್ಮೆ ಅಚ್ಚಿನಲ್ಲಿ ನೋಡಬೇಕೆಂಬುದು ಅವರ ಬಹುದಿನದ ಆಸೆ. ಬಾಯಿಬಿಟ್ಟು ಹೇಳಿದವರಲ್ಲ, ಪತ್ರಿಕೆ ಬಂದಾಗಲೆಲ್ಲ ತಿರುವಿಹಾಕಿ, ನಮ್ಮ ಓಣಿಯದು ಏನೂ ಇಲ್ಲವೇ ಎಂದು ಕೇಳುತ್ತಿದ್ದರು, ಅಷ್ಟೆ.

ಅಂಥ ಮಾವನ ಬಗ್ಗೆ ಬರೀ ‘ಹೋದರು’ ಎಂದು ಬರೆಯಲೆ? ಮನಸ್ಸಾಗಲಿಲ್ಲ. ‘ಹಿರಿಯ ನೇಕಾರ ಗುರಪ್ಪನವರು ಅಪಾರ ಬಂಧುಬಳಗವನ್ನಗಲಿ ದೂರದ ಪಯಣ ಬೆಳೆಸಿದರು. ಊರೇ ಕಣ್ಣೀರಿನಿಂದ ಬೀಳ್ಕೊಟ್ಟಿತು’ ಎಂದು ಬರೆದೆ. ದಿಲ್ಲಿಯ ಮಾತನ್ನು ಕೊನೆಯ ಸಾಲಿಗೆ ಇಟ್ಟೆ, ಓದುಗರಿಗೆ ಕುತೂಹಲವಿರಲಿ ಎಂದು. ಜೊತೆಗೆ ಫೋಟೋ ಕಳಿಸಿದೆ.

ಪತ್ರಿಕೆಯವರಿಗೆ ಜಾಗ ಸಾಲಲಿಲ್ಲ. ಕೊನೆಯ ಸಾಲು ಕತ್ತರಿಸಿದರು. ಆಮೇಲೆ, ಪಾಪ, ಗೌರವದಿಂದ ಫೋಟೋದ ಸುತ್ತ ಕಪ್ಪು ಗೆರೆ ಎಳೆದರು.

ಸಂಚಿಕೆ ಬರುವಷ್ಟರಲ್ಲಿ ಮಾವ ದಿಲ್ಲಿಯಿಂದ ಬಂದು ಮಗ್ಗಕ್ಕೆ ಕೂತಿದ್ದರು. ನಾನೂ ಶಾಂತಾಳೂ ಪತ್ರಿಕೆ ಹಿಡಿದು ಇಳಕಲ್ಲಿಗೆ ಓಡಿದೆವು. ನಮಗಿಂತ ಮೊದಲೇ ಬಾಗಲಕೋಟೆಯಿಂದ ಮಾವನ ತಂಗಿ ನೀಲವ್ವ ಬಂದು, ಹೊಸ್ತಿಲ ಹೊರಗೇ ಕೂತು, ಅಣ್ಣನ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿಕೊಂಡು ಅಳುತ್ತಿದ್ದಳು. ನಮ್ಮ ಕಡೆ ಸತ್ತವರಿಗೆ ಹಾಗೇ ಅಳುವುದು. ಒಳಗೆ ಮಾವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ನಿಲ್ಲಿಸಿ, ಎಲ್ಲವನ್ನೂ ಕೇಳುತ್ತಿದ್ದರು. ಹೆಣ ಹೂಳುವ ಗುಂಡಿಗೂ ನಮ್ಮಲ್ಲಿ ಕುಣಿ ಎಂದೇ ಹೆಸರು. ನೀಲವ್ವ ಉಸಿರು ತೆಗೆದುಕೊಳ್ಳಲು ನಿಂತಾಗ ಒಳಗಿನಿಂದಲೇ ಹೇಳಿದರು:

“ಕುಣ್ಯಾಗ ಅದೀನಿ ಖರೆ, ತಂಗಿ. ಆದ್ರ ಇದು ಮಗ್ಗದ ಕುಣಿ.”

ನೀಲವ್ವ ಮೂರ್ಛೆ ಹೋದಳು. ಇಲ್ಲಿ ಬೇರೆ ಕ್ರಿಯಾಪದ ನನಗೂ ಹೊಳೆಯಲಿಲ್ಲ. ನೀರು ಚಿಮುಕಿಸಿ ಎಬ್ಬಿಸಿದ ಮೇಲೆ ಮಾವ ಅವಳ ಪಕ್ಕ ಕೂತು, ಇಷ್ಟು ಒಳ್ಳೆಯ ಮಾತುಗಳನ್ನು ಇಷ್ಟು ದಿನ ಎಲ್ಲಿಟ್ಟಿದ್ದೆ ಎಂದು ಕೇಳಿದರು.

ನಾನು ತಿದ್ದುಪಡಿ ಹಾಕಿಸುತ್ತೇನೆ ಎಂದೆ. ಮಾವ ಬೇಡವೆಂದರು. ಫೋಟೋ ಚೆನ್ನಾಗಿ ಬಂದಿದೆ, ಹೆಸರಿನಲ್ಲಿ ತಪ್ಪಿಲ್ಲ, ಇರಲಿ ಎಂದು ಆ ಪುಟವನ್ನು ಮಗ್ಗದ ಮೇಲಿನ ಗೋಡೆಗೆ ಅಂಟಿಸಿಕೊಂಡರು. ಶಾಂತಾ ಮಾತ್ರ ನನ್ನನ್ನು ಬಿಡಲಿಲ್ಲ.

“ಮನಿಯಿಂದ ಹೊರಗ ಹೊಂಟವರು ಹೋಗಿ ಬರ್ತೇನಿ ಅಂತಾರ. ನಿಮಗ ಹೋಗಿ ಬರ್ತಾರ ಅಂತ ಬರಿಯಾಕ ಏನಾಗಿತ್ರಿ?”

ಮಾವ ನಕ್ಕರು. “ನಾ ಖರೇನ ಹೋದಾಗ ಸಾದಾ ಹೋದ ಅಂತ ಬರೀರಿ, ಮಾಸ್ತರ. ಅಷ್ಟ ಸಾಕು.”

ಮುಂದಿನ ಚಳಿಗಾಲದಲ್ಲಿ ಅವರು ಖರೆಯಾಗಿಯೇ ಹೋದರು. ಮಗ್ಗದಲ್ಲಿ ಅರ್ಧ ಸೀರೆ ಹಾಗೇ ಇತ್ತು. ನೀಲವ್ವ ಬಂದಳು. ಹೊಸ್ತಿಲ ಹೊರಗೆ ಕೂತು ಬಹಳ ಹೊತ್ತು ಬಾಯಿ ತೆರೆಯಲಿಲ್ಲ. ಒಳಗಿನಿಂದ ಮಾತು ಬಂದೀತು ಎಂದು ಕಾಯುತ್ತಿದ್ದಳು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಮಾವ ಹೇಳಿದಂತೆ ಒಂದೇ ಸಾಲು ಬರೆದು ಕಳಿಸಿದೆ. ಪತ್ರಿಕೆಯಿಂದ ಕಾರ್ಡು ಬಂತು: ಈ ಸುದ್ದಿ ಈಗಾಗಲೇ ಪ್ರಕಟವಾಗಿದೆ, ಒಬ್ಬರ ನಿಧನವನ್ನು ಎರಡು ಸಲ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ವಿವರವಾಗಿ ಬರೆದೆ. ಉತ್ತರವಿಲ್ಲ. ಶಾಂತಾ ಪ್ರತಿ ವಾರ ಪತ್ರಿಕೆ ಬಿಚ್ಚಿ ನೋಡಿ ಮಡಚಿಡುತ್ತಾಳೆ. ಊರಿಗೆಲ್ಲ ಕ್ರಿಯಾಪದ ಹಂಚಿದ ಪಂಡಿತನಿಗೆ ಒಂದು ‘ಹೋದರು’ ಅಚ್ಚು ಹಾಕಿಸಲಾಗಲಿಲ್ಲ!

ಅದಕ್ಕೇ ಆ ಸುದ್ದಿಗೆ ಹೀಗೆ ಹಾಸ್ಯದ ವೇಷ ತೊಡಿಸಿ ಕಳಿಸುತ್ತಿದ್ದೇನೆ. ಸಂಪಾದಕರೇ, ಜಾಗ ಸಾಲದಿದ್ದರೆ ಮೇಲಿನದನ್ನೆಲ್ಲ ಕತ್ತರಿಸಿರಿ. ಕೊನೆಯ ಸಾಲೊಂದನ್ನು ಉಳಿಸಿರಿ.

ಇಳಕಲ್ಲಿನ ನೇಕಾರ ಗುರಪ್ಪ ಹೋದರು.